ಯಂತ್ರಕ್ಕೆ ಎಂಥ ಪರದೆ ಬೇಕು?

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ತೊರಗಲ್ ಸೀಮೆಯ ರಸ್ತೆಗಳೆಲ್ಲ ಟ್ರ್ಯಾಕ್ಟರುಗಳ ಪಾಲು. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಜೋರಾಗಿ ಹಾಡು ಹಚ್ಚಿಕೊಂಡು ಸಾಲಾಗಿ ಹೊರಡುತ್ತವೆ. ಸವದತ್ತಿ ತಾಲ್ಲೂಕಿನ ಮುನವಳ್ಳಿಯಲ್ಲಿ ರೇಣುಕಾ ಶುಗರ್ಸ್ ಇದೆಯಲ್ಲ, ಅಂಥ ಕಾರ್ಖಾನೆಗೆ ಬಂದ ಟ್ರ್ಯಾಕ್ಟರು ಮೊದಲು ಒಂದು ದೊಡ್ಡ ಹಾಸಿನ ಮೇಲೆ ನಿಲ್ಲಬೇಕು. ಅದೇ ತೂಕದ ಕಾಟಾ. ಹಾಸು ಅಲುಗಾಡುವುದು ನಿಂತ ಮೇಲೆ ಕೆಂಪು ಅಂಕಿಗಳೂ ಸ್ಥಿರವಾಗುತ್ತವೆ. ಸೀಟಿನ ಮೇಲೆ ಕೂತ ಅಣ್ಣ ಕೆಳಗಿಳಿಯದೆ, ಕತ್ತು ಹೊರಳಿಸಿ ತನ್ನ ಹೇರಿನ ತೂಕ ಓದಿಕೊಳ್ಳುತ್ತಾನೆ.

ಮಕ್ಕಳೇ, ಆ ಕೆಂಪು ಅಂಕಿಯನ್ನು ಸರಿಯಾಗಿ ನೋಡಿದ್ದೀರಾ? ಅದರಲ್ಲಿ ಇರುವುದು ಏಳೇ ಏಳು ಗೆರೆ. ಏಳೂ ಹೊತ್ತಿದರೆ 8. ನಡುವಿನದು ಆರಿದರೆ 0. ಬಲಗಡೆಯ ಎರಡು ಮಾತ್ರ ಹೊತ್ತಿದರೆ 1. ಏಳು ಕಡ್ಡಿ ಎತ್ತಿಕೊಂಡು ನೆಲದ ಮೇಲೆ ಜೋಡಿಸಿ ನೋಡಿ, ಹತ್ತೂ ಅಂಕಿ ಬರುತ್ತವೆ. ಯಂತ್ರವೊಂದು ಮನುಷ್ಯನಿಗೆ ಏನಾದರೂ ಹೇಳುವುದಕ್ಕೆ ಇರುವ ಪರದೆಗಳಲ್ಲಿ ಇದು ತೀರಾ ಸರಳವಾದದ್ದು.

‘ಇಷ್ಟು ಹಳೇ ಮಾದರಿ ಯಾಕೆ? ದೊಡ್ಡದೊಂದು ಬಣ್ಣದ ಟಿ.ವಿ. ಹಾಕಬಹುದಲ್ಲ?’ ಎಂದು ಕೇಳುತ್ತೀರೇನೋ. ಓದುವವನು ಎಲ್ಲಿದ್ದಾನೆ ಅದನ್ನು ನೋಡಿ. ಅವನು ದೂರದಲ್ಲಿ, ಬಿಸಿಲಲ್ಲಿ, ಟ್ರ್ಯಾಕ್ಟರಿನ ಮೇಲೆ ಕೂತಿದ್ದಾನೆ. ಅವನಿಗೆ ಬೇಕಾದದ್ದು ಒಂದೇ ಒಂದು ಸಂಖ್ಯೆ. ಅದು ದಪ್ಪಗೆ, ನಿಚ್ಚಳವಾಗಿ ಕಂಡರೆ ಅವನ ಕೆಲಸ ಆಯಿತು.

ಎಷ್ಟು ದಪ್ಪಗೆ? ಅದಕ್ಕೊಂದು ಸುಲಭದ ಲೆಕ್ಕ ಇದೆ. ಓದುವವರು ಎಷ್ಟು ದೂರದಲ್ಲಿದ್ದಾರೋ ಅದನ್ನು 200ರಿಂದ ಭಾಗಿಸಿ. ಅಕ್ಷರದ ಎತ್ತರ ಸುಮಾರು ಅಷ್ಟಾದರೂ ಇರಲಿ. ಹತ್ತು ಮೀಟರ್ ದೂರಕ್ಕೆ 5 ಸೆಂಟಿಮೀಟರ್. ಕೈಚಾಚಿದಷ್ಟು, ಅಂದರೆ 60 ಸೆಂಟಿಮೀಟರ್ ದೂರದಲ್ಲಿ ನಿಂತು ನೋಡುವ ಪರದೆಗೆ 3 ಮಿಲಿಮೀಟರ್. ನಾಳೆ ಶಾಲೆಯಲ್ಲಿ ಕೊನೆಯ ಸಾಲಿನಿಂದ ಕರಿಹಲಗೆಯವರೆಗೆ ಟೇಪು ಹಿಡಿದು ಅಳೆಯಿರಿ. ಎಂಟು ಮೀಟರ್ ಬಂತು ಅನ್ನಿ. ನಿಮ್ಮ ಗುರುಗಳ ಅಕ್ಷರ 4 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಹಿಂದೆ ಕೂತವರ ತಪ್ಪೇನೂ ಇಲ್ಲ!

ಈಗ ಕಾರ್ಖಾನೆಯ ಒಳಗೆ ಹೋಗೋಣ. ಗಾಣಗಳು ಕಬ್ಬು ನುರಿಸುತ್ತವೆ. ರಸ ಕಾಯುತ್ತದೆ, ಶುದ್ಧವಾಗುತ್ತದೆ, ಕುದ್ದು ಗಟ್ಟಿಯಾಗುತ್ತದೆ. ಕೊನೆಗೆ ಹರಳು ಮತ್ತು ಕಾಕಂಬಿ ಕೂಡಿದ ಕಂದು ಪಾಕವೊಂದು ಜಾಲರಿಯ ಡ್ರಮ್ಮಿಗೆ ಬೀಳುತ್ತದೆ. ಡ್ರಮ್ಮು ನಿಮಿಷಕ್ಕೆ ಸಾವಿರ ಸುತ್ತಿಗೂ ಮೀರಿ ತಿರುಗುತ್ತದೆ. ಕಾಕಂಬಿ ಜಾಲರಿಯಿಂದ ಹೊರಗೆ ಸಿಡಿದುಹೋಗಿ, ಸಕ್ಕರೆ ಒಳಗೆ ಉಳಿಯುತ್ತದೆ. ಇಂಥ ಯಂತ್ರದ ಪಕ್ಕದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಅದರ ಮುಖದ ಮೇಲೆ ಪುಸ್ತಕದಷ್ಟು ಅಗಲದ ಟಚ್ ಪರದೆ. ಕೆಲಸಗಾರರು ಅದನ್ನು ‘ಎಚ್‌ಎಂಐ’ ಎನ್ನುತ್ತಾರೆ, ಇಲ್ಲವೇ ಸುಮ್ಮನೆ ‘ಟಚ್ ಪ್ಯಾನೆಲ್’ ಎನ್ನುತ್ತಾರೆ.

ಕಾರ್ಖಾನೆ ನೋಡಲು ಬಂದ ಮಕ್ಕಳು ಅದರ ಮುಂದೆ ನಿಂತು ಕೇಳುವುದು ಒಂದೇ ಮಾತು: “ಕಾಕಾ, ಇದರಾಗ ಗೇಮ್ ಐತೇನ್ರಿ?” ಗೇಮ್ ಇರುವುದಿಲ್ಲ. ಡ್ರಮ್ಮು ಎಷ್ಟು ಜೋರಾಗಿ ತಿರುಗುತ್ತಿದೆ, ಪಾಕ ತುಂಬಿತೇ, ನೀರು ಚಿಮುಕಿಸುವುದು ಮುಗಿಯಿತೇ ಎಂಬುದೆಲ್ಲ ಇರುತ್ತದೆ. ಇನ್ನೊಂದು ಗುಟ್ಟು ಹೇಳುತ್ತೇನೆ. ಯಂತ್ರವನ್ನು ನಡೆಸುವುದು ಈ ಪರದೆ ಅಲ್ಲ. ಪೆಟ್ಟಿಗೆಯ ಒಳಗೆ ‘ಪಿಎಲ್‌ಸಿ’ ಎಂಬ ಪುಟ್ಟ ಗಣಕ ಕೂತಿದೆ, ನಡೆಸುವುದು ಅದು. ನಾವು ಹೇಳಿದ್ದನ್ನು ಅದಕ್ಕೆ ಮುಟ್ಟಿಸುವುದು, ಅದು ಹೇಳಿದ್ದನ್ನು ನಮಗೆ ತೋರಿಸುವುದು, ಇಷ್ಟೇ ಪರದೆಯ ಕೆಲಸ.

ಹಾಗಾದರೆ ಮನೆಯಲ್ಲಿರುವ ಮೊಬೈಲಿನ ಪರದೆಯನ್ನೇ ಇಲ್ಲಿ ಹಚ್ಚಿದರೆ ಆಗದೇ? ಅಮ್ಮನ ಅಥವಾ ಅಪ್ಪನ ಒಪ್ಪಿಗೆ ಕೇಳಿ, ಅವರ ಫೋನ್ ತೆಗೆದುಕೊಂಡು ಒಂದು ಪ್ರಯೋಗ ಮಾಡಿ. ಬೆರಳಿನಿಂದ ಮುಟ್ಟಿ, ಕೇಳುತ್ತದೆ. ಕಟ್ಟಿಗೆಯ ಪೆನ್ಸಿಲಿನ ಹಿಂಬದಿಯಿಂದ ಮುಟ್ಟಿ, ಕೇಳುವುದಿಲ್ಲ. ಕೈಗೆ ದಪ್ಪನೆಯ ಬಟ್ಟೆ ಸುತ್ತಿಕೊಂಡು ಮುಟ್ಟಿ, ಆಗಲೂ ಇಲ್ಲ. ಈಗ ಒಂದು ಸೌತೆಕಾಯಿ ಕೈಯಲ್ಲಿ ಹಿಡಿದು ಅದರ ತುದಿಯಿಂದ ಮುಟ್ಟಿ. ಅರೇ, ಕೇಳಿತು!

ಸೌತೆಕಾಯಿಗೂ ನಿಮ್ಮ ಬೆರಳಿಗೂ ಏನು ನಂಟು? ಎರಡರಲ್ಲೂ ಲವಣ ಕರಗಿದ ನೀರು ತುಂಬಿದೆ, ಅದರಲ್ಲಿ ವಿದ್ಯುತ್ ಹರಿಯಬಲ್ಲದು. ಮೊಬೈಲಿನ ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಗೆರೆಗಳು ಅಡ್ಡಡ್ಡ, ಉದ್ದುದ್ದ ಹಾದುಹೋಗಿವೆ. ಅವುಗಳಲ್ಲಿ ಚೂರೇ ಚೂರು ವಿದ್ಯುತ್ತು ಕಾದು ಕೂತಿರುತ್ತದೆ. ಬೆರಳು ಹತ್ತಿರ ಬಂದಾಗ ಅದರಲ್ಲೊಂದು ಪಾಲು ಬೆರಳಿನ ಕಡೆ ಸೆಳೆಯಲ್ಪಡುತ್ತದೆ. ಯಾವ ಗೆರೆಗಳು ಕೂಡುವ ಜಾಗದಲ್ಲಿ ಕಡಿಮೆಯಾಯಿತು ಎಂದು ಫೋನು ಲೆಕ್ಕ ಹಾಕುತ್ತದೆ. ಒಣ ಕಟ್ಟಿಗೆ ಹಾಗೆ ಸೆಳೆಯಲಾರದು. ಇಂಥ ಪರದೆಗೆ ‘ಕೆಪಾಸಿಟಿವ್’ ಎಂದು ಹೆಸರು.

ಇನ್ನೊಂದು ಜಾತಿಯ ಪರದೆ ಇದೆ, ‘ರೆಸಿಸ್ಟಿವ್’. ಅದನ್ನು ಅರ್ಥ ಮಾಡಿಕೊಳ್ಳಲು ಸಂಕ್ರಾಂತಿಯ ಅಡುಗೆಮನೆಗೆ ಬನ್ನಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬುಟ್ಟಿಯಲ್ಲಿದೆ, ಕಡಕ್ಕಾಗಿ. ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ. ಹಾಳೆ ರೊಟ್ಟಿಗೆ ತಾಗುವುದಿಲ್ಲ, ಎಳ್ಳಿನ ಕಾಳುಗಳ ಮೇಲೆ ನಿಂತುಕೊಳ್ಳುತ್ತದೆ. ಎರಡು ಕಾಳುಗಳ ನಡುವೆ ಬೆರಳಿನಿಂದ ಒತ್ತಿ, ಅಲ್ಲಿ ಮಾತ್ರ ಹಾಳೆ ಬಾಗಿ ರೊಟ್ಟಿಗೆ ತಾಗುತ್ತದೆ. ಬೆರಳು ತೆಗೆದರೆ ಮತ್ತೆ ಮೇಲಕ್ಕೆ. ರೆಸಿಸ್ಟಿವ್ ಪರದೆ ಇರುವುದೂ ಹೀಗೆಯೇ. ಕೆಳಗೆ ಗಾಜು, ಮೇಲೆ ಪ್ಲಾಸ್ಟಿಕ್ ಹಾಳೆ, ನಡುವೆ ಎಳ್ಳಿಗಿಂತಲೂ ಎಷ್ಟೋ ಸಣ್ಣ ಚುಕ್ಕೆಗಳು. ಗಾಜು ಮತ್ತು ಹಾಳೆ ಎದುರುಬದುರಾಗಿರುವ ಮೈಗೆ ವಿದ್ಯುತ್ ಹರಿಯುವ, ಆದರೆ ಆಚೆ ಬದಿ ಕಾಣುವಷ್ಟು ತಿಳಿಯಾದ ಲೇಪ ಕೊಟ್ಟಿರುತ್ತಾರೆ.

ಎಲ್ಲಿ ಒತ್ತಿದೆವು ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ನನಗೆ ಬಹಳ ಇಷ್ಟವಾದ ಭಾಗ ಇದು. ಪರದೆ 20 ಸೆಂಟಿಮೀಟರ್ ಅಗಲ ಇದೆ ಎನ್ನೋಣ. ಅದರ ಎಡ ಅಂಚಿಗೆ ಸೊನ್ನೆ ವೋಲ್ಟ್, ಬಲ ಅಂಚಿಗೆ 5 ವೋಲ್ಟ್ ಕೊಡುತ್ತಾರೆ. ನಡುವೆ ಅದು ಸಮನಾಗಿ ಏರುತ್ತ ಹೋಗುತ್ತದೆ. ಸರಿಯಾಗಿ ಮಧ್ಯದಲ್ಲಿ ಒತ್ತಿದರೆ ಇನ್ನೊಂದು ಪದರಕ್ಕೆ ಸಿಗುವುದು ಎರಡೂವರೆ ವೋಲ್ಟ್. ಸಿಕ್ಕಿದ್ದು 1.25 ವೋಲ್ಟ್ ಆದರೆ? ಐದರಲ್ಲಿ ಕಾಲು ಭಾಗ. ಅಂದಮೇಲೆ ಅಗಲದಲ್ಲೂ ಕಾಲು ಭಾಗ, ಎಡದಿಂದ 5 ಸೆಂಟಿಮೀಟರ್. ಕಣ್ಣು ಮಿಟುಕಿಸುವಷ್ಟರಲ್ಲಿ ಇದನ್ನೇ ಮೇಲಿನಿಂದ ಕೆಳಕ್ಕೂ ಮಾಡಿ ಎತ್ತರ ಕಂಡುಕೊಳ್ಳುತ್ತದೆ. ನೀವು ಕಲಿಯುವ ಭಿನ್ನರಾಶಿಯೇ ಅಲ್ಲಿ ಕೂತು ದುಡಿಯುತ್ತಿದೆ.

ಈ ಪರದೆಗೆ ಬೇಕಾಗಿರುವುದು ಒತ್ತು ಮಾತ್ರ. ದಪ್ಪ ಗ್ಲೌಸ್ ಹಾಕಿದ ಕೈಯಾದರೂ ಆಯಿತು, ಕಟ್ಟಿಗೆಯ ಪೆನ್ಸಿಲ್ ಆದರೂ ಆಯಿತು, ಕಾಕಂಬಿ ಮೆತ್ತಿದ ಬೆರಳಾದರೂ ಆಯಿತು. ಮೇಲೆ ನೀರಿನ ಹನಿ ಬಿದ್ದರೆ ಇದು ಮೋಸ ಹೋಗುವುದಿಲ್ಲ. ಕೆಪಾಸಿಟಿವ್ ಪರದೆಯ ಮೇಲೆ ನೀರು ಹರಿದರೆ ಅದು ನೀರನ್ನೇ ಬೆರಳೆಂದು ತಿಳಿಯಬಹುದು. ಹಾಗೆಂದು ರೆಸಿಸ್ಟಿವ್‌ನಲ್ಲಿ ಕೊರತೆ ಇಲ್ಲವೆಂದಲ್ಲ. ಪ್ಲಾಸ್ಟಿಕ್ ಮೈ, ಚೂಪಾದ ಸ್ಕ್ರೂಡ್ರೈವರಿನಿಂದ ಒತ್ತಿದರೆ ಗೀರು ಬೀಳುತ್ತದೆ. ಒಂದೇ ಜಾಗದಲ್ಲಿ ಹತ್ತು ಲಕ್ಷ ಸಲ ಒತ್ತಿಸಿಕೊಂಡ ಮೇಲೆ ಸವೆದೀತು ಎಂದು ಮಾಡುವವರೇ ಹೇಳುತ್ತಾರೆ. ಕೆಪಾಸಿಟಿವ್‌ಗೆ ಗಟ್ಟಿ ಗಾಜು, ಬಾಳಿಕೆ ಹೆಚ್ಚು, ಚಿತ್ರ ತಿಳಿ. ತೆಳು ಗ್ಲೌಸನ್ನು ಗುರುತಿಸುವಂಥವೂ ಈಗ ಬಂದಿವೆ. ನನ್ನನ್ನು ಕೇಳಿದರೆ, ನೀರು ಸಿಡಿಯುವ, ಕೈ ಅಂಟಂಟಾಗುವ ಡ್ರಮ್ಮಿನ ಬಳಿ ರೆಸಿಸ್ಟಿವ್ ಇರಲಿ. ತಂಪಾದ ಕಂಟ್ರೋಲ್ ರೂಮಿನಲ್ಲಿ ಕೂತು ನೋಡುವವರಿಗೆ ಕೆಪಾಸಿಟಿವ್ ಇರಲಿ.

ಒಂದು ಸಂಗತಿ ಕೇಳಿದರೆ ನಿಮಗೆ ಅಚ್ಚರಿಯಾದೀತು. ಟಚ್ ಪರದೆ ಮೊಬೈಲಿನಲ್ಲಿ ಹುಟ್ಟಿ ಆಮೇಲೆ ಕಾರ್ಖಾನೆಗೆ ಬಂದದ್ದಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾ ಹತ್ತಿರ ಸರ್ನ್ ಎಂಬ ವಿಜ್ಞಾನ ಕೇಂದ್ರ ಇದೆ. 1970ರ ದಶಕದಲ್ಲಿ ಅಲ್ಲಿ ಸುಮಾರು 7 ಕಿಲೋಮೀಟರ್ ಸುತ್ತಳತೆಯ ಒಂದು ಭಾರೀ ಯಂತ್ರ ಕಟ್ಟುತ್ತಿದ್ದರು. ಅದರ ಒಂದೊಂದು ಭಾಗಕ್ಕೂ ಒಂದೊಂದು ಗುಂಡಿ ಇಟ್ಟರೆ ಸಾವಿರಾರು ಗುಂಡಿಗಳು! ಆಗ ಬೆಂಟ್ ಸ್ಟುಂಪೆ ಎಂಬ ಎಂಜಿನಿಯರ್ ಪಾರದರ್ಶಕ ಗುಂಡಿಗಳಿರುವ ಕೆಪಾಸಿಟಿವ್ ಪರದೆ ಮಾಡಿಕೊಟ್ಟರು. ಅದರಲ್ಲಿದ್ದದ್ದು 16 ಗುಂಡಿ. ಆದರೆ ಪುಟ ಬದಲಾದಂತೆ ಆ ಹದಿನಾರರ ಮೇಲಿನ ಹೆಸರೂ ಬದಲಾಗುತ್ತಿತ್ತು. 1976ರಲ್ಲಿ ಆ ಯಂತ್ರ ಶುರುವಾದಾಗ ಅದನ್ನು ನಡೆಸುವ ಕೋಣೆಯಲ್ಲಿ ಇಂಥ ಪರದೆಗಳಿದ್ದವು. ಯಂತ್ರದ ಪ್ಯಾನೆಲ್ಲಿನ ಮೇಲೆ ಬೆಳೆದ ವಿದ್ಯೆ ನಮ್ಮ ಜೇಬಿಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ.

ಇಷ್ಟು ಹೊತ್ತು ಮುಟ್ಟುವುದರ ಮಾತಾಯಿತು. ಈಗ ಕಾಣುವುದರ ಮಾತು. ಫೋನಿನ ಪರದೆ ಬಿಳಿಯಾಗಿ ಬೆಳಗುವಾಗ, ಬೆರಳ ತುದಿಯಿಂದ ಸಾಸಿವೆಯಷ್ಟು ಸಣ್ಣ ನೀರಿನ ಹನಿ ಅದರ ಮೇಲಿಡಿ. ಹನಿ ಭೂತಗನ್ನಡಿಯಾಗುತ್ತದೆ. ಒಳಗೆ ಇಣುಕಿದರೆ ಕೆಂಪು, ಹಸಿರು, ನೀಲಿ ಚೂರುಗಳು! ಬಿಳಿ ಎಲ್ಲಿಯೂ ಇಲ್ಲ. ಮೂರೂ ಸೇರಿ ಒಂದು ಚುಕ್ಕೆ. ಯಂತ್ರದ ಮೇಲಿನ 7 ಇಂಚಿನ ಪರದೆಯಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 800, ಉದ್ದಕ್ಕೆ 480 ಚುಕ್ಕೆ. ಗುಣಿಸಿ ನೋಡಿ, 3,84,000.

ಈ ಚುಕ್ಕೆಗಳಲ್ಲಿ ‘ದ್ರವ ಹರಳು’ ಎಂಬ ವಿಚಿತ್ರ ವಸ್ತು ಇರುತ್ತದೆ. ನೀರಿನಂತೆ ಹರಿಯುತ್ತದೆ, ಆದರೂ ಅದರ ಅಣುಗಳು ಹರಳಿನ ಅಣುಗಳಂತೆ ಒಂದು ದಿಕ್ಕಿಗೆ ಮುಖ ಮಾಡಿರುತ್ತವೆ. ವಿದ್ಯುತ್ ಕೊಟ್ಟರೆ ದಿಕ್ಕು ಬದಲಿಸುತ್ತವೆ. ಹಿಂದಿನಿಂದ ಬರುವ ಬೆಳಕನ್ನು ಒಮ್ಮೆ ಬಿಡುವುದು, ಒಮ್ಮೆ ತಡೆಯುವುದು ಹೀಗೆ ಸಾಧ್ಯವಾಗುತ್ತದೆ. ಇದನ್ನು ಮೊದಲು ಗಮನಿಸಿದ್ದು 1888ರಲ್ಲಿ ಫ್ರೀಡ್ರಿಕ್ ರೈನಿಟ್ಜರ್ ಎಂಬ ಸಸ್ಯವಿಜ್ಞಾನಿ. ಅವರು ಕೆದಕುತ್ತಿದ್ದದ್ದು ಏನು ಗೊತ್ತೇ? ಗಜ್ಜರಿಯಿಂದ ತೆಗೆದ ಒಂದು ವಸ್ತುವನ್ನು! ಅದನ್ನು ಕಾಸಿದರೆ ಸುಮಾರು 145 ಡಿಗ್ರಿಗೆ ಕರಗಿ ಮಬ್ಬು ದ್ರವವಾಯಿತು. ಇನ್ನೂ ಕಾಸಿದರೆ ಸುಮಾರು 179 ಡಿಗ್ರಿಗೆ ಥಟ್ಟನೆ ತಿಳಿಯಾಯಿತು. ಒಂದೇ ವಸ್ತು ಎರಡು ಸಲ ಕರಗುವುದುಂಟೇ ಎಂದು ಅವರು ತಲೆ ಕೆರೆದುಕೊಂಡರು.

ಈ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. ಅಲ್ಲಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಎಂಬ ವಿಜ್ಞಾನಿ ಇದ್ದರು. ಅಲ್ಲಿಯವರೆಗೆ ದ್ರವ ಹರಳಿನ ಅಣುಗಳೆಂದರೆ ಕಡ್ಡಿಯಂತೆ ಉದ್ದವೇ ಇರಬೇಕು ಎಂದು ತಿಳಿದಿದ್ದರು. 1977ರಲ್ಲಿ ಅವರೂ ಅವರ ಜೊತೆಗಾರರೂ ಬಿಲ್ಲೆಯಂತೆ ಚಪ್ಪಟೆಯಾದ ಅಣುಗಳೂ ಹಾಗೆ ಮಾಡುತ್ತವೆ ಎಂದು ತೋರಿಸಿದರು. ಮುಂದೆ ಜಪಾನಿನ ಫ್ಯೂಜಿಫಿಲ್ಮ್ ಕಂಪನಿ ಅಂಥ ಬಿಲ್ಲೆ ಅಣುಗಳಿಂದ ಒಂದು ತೆಳು ಪೊರೆ ಮಾಡಿತು. ಅದನ್ನು ಅಂಟಿಸಿದರೆ ಪರದೆ ಪಕ್ಕದಿಂದ ನೋಡಿದರೂ ಮಾಸದೆ ಕಾಣುತ್ತದೆ. ಯಂತ್ರದ ಮುಂದೆ ಇದು ಸಣ್ಣ ಮಾತಲ್ಲ. ಆಪರೇಟರ್ ಕಾಕಾ ಸದಾ ಎದುರಿಗೇ ನಿಂತಿರುವುದಿಲ್ಲ. ವಾಲ್ವ್ ತಿರುಗಿಸುತ್ತ ಪಕ್ಕದಲ್ಲಿ ಬಗ್ಗಿರುತ್ತಾರೆ, ಅಲ್ಲಿಂದಲೇ ಓರೆಗಣ್ಣಿನಲ್ಲಿ ನೋಡುತ್ತಾರೆ.

ಬಿಸಿಲು ಈ ಪರದೆಗಳ ದೊಡ್ಡ ವೈರಿ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ನೋಡಿದ್ದೀರಲ್ಲ. ಅಂಥ ಬಯಲಿನಲ್ಲಿ ಮಧ್ಯಾಹ್ನ ಹೊತ್ತು ಫೋನ್ ತೆಗೆದರೆ ಕಾಣುವುದು ನಮ್ಮ ಮುಖವೇ. ಬೆಳಕಿನ ಅಳತೆಗೆ ‘ನಿಟ್’ ಎನ್ನುತ್ತಾರೆ. ಕೋಣೆಯೊಳಗಿನ ಯಂತ್ರಕ್ಕೆ 300, 400 ನಿಟ್ ಬೆಳಗುವ ಪರದೆ ಸಾಕು. ಬಯಲಿನಲ್ಲಿಡುವುದಾದರೆ 1000 ನಿಟ್‌ನಷ್ಟು ಬೇಕು, ಮೇಲೊಂದು ನೆರಳಿನ ತಗಡೂ ಇರಬೇಕು. ಅನೇಕ ಟಚ್ ಪ್ಯಾನೆಲ್‌ಗಳ ಮೇಲೆ ‘50 ಡಿಗ್ರಿಯವರೆಗೆ’ ಎಂದು ಬರೆದಿರುತ್ತದೆ. ರಾಮದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಕಬ್ಬಿಣದ ಪೆಟ್ಟಿಗೆ ಎಷ್ಟು ಕಾಯುತ್ತದೆ, ನೀವೇ ಊಹಿಸಿ. ತೀರಾ ಕಾದರೆ ದ್ರವ ಹರಳು ಬರೀ ದ್ರವವಾಗಿಬಿಡುತ್ತದೆ, ಪರದೆ ಕಪ್ಪಾಗುತ್ತದೆ. ತಣಿದ ಮೇಲೆ ಸಾಮಾನ್ಯವಾಗಿ ಮತ್ತೆ ಸರಿಯಾಗುತ್ತದೆ.

ಧೂಳು, ನೀರಿಗೂ ಒಂದು ಗುರುತು ಇದೆ. ಪರದೆಯ ಹಿಂದೆ ‘ಐಪಿ65’ ಎಂದು ಬರೆದಿದ್ದರೆ ಮೊದಲಿನ 6 ಧೂಳಿನದು, ಧೂಳು ಒಳಗೆ ಹೋಗದು. ಎರಡನೆಯ 5 ನೀರಿನದು, ಪೈಪು ಹಿಡಿದು ತೊಳೆದರೂ ಒಳಗೆ ಇಳಿಯದು. ಆದರೆ ಇದು ಮುಖಕ್ಕೆ ಮಾತ್ರ, ಅದೂ ಸುತ್ತಲಿನ ರಬ್ಬರ್ ಪಟ್ಟಿ ಸರಿಯಾಗಿ ಕೂತಿದ್ದರೆ. ಕಬ್ಬಿನ ಸಿಪ್ಪೆಯ ಪುಡಿ ಹಾರಾಡುವ ಕಡೆ ಆ ಬಡ ರಬ್ಬರ್ ಪಟ್ಟಿಯೇ ದೊಡ್ಡ ಕಾವಲುಗಾರ.

ಬಣ್ಣದ ಬಗ್ಗೆ ನಿಮ್ಮದೂ ನನ್ನದೂ ಜಗಳ ಆಗಬಹುದು. ಪರದೆಯ ತುಂಬ ಬಣ್ಣ ಬಣ್ಣ ಇದ್ದರೆ ಚೆಂದ ಎನ್ನುತ್ತೀರಿ ನೀವು. ತಿಳಿದವರು ಪರದೆಯನ್ನು ಬೂದಿ ಬಣ್ಣದಲ್ಲಿ ಬಿಡುತ್ತಾರೆ. ಎಲ್ಲ ಸರಿಯಿದ್ದಾಗ ಎಲ್ಲವೂ ಬೂದು. ಬಾಯ್ಲರಿನ ಒತ್ತಡ ಏರಿದರೆ ಅದೊಂದೇ ಕೆಂಪಾಗುತ್ತದೆ. ಆಗ ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಕೆಂಪು, ಹಸಿರಿನ ಭೇದ ಕಾಣುವುದಿಲ್ಲ. ಹಾಗಾಗಿ ಬಣ್ಣದ ಜೊತೆಗೆ ಒಂದು ಗುರುತೋ ಮಾತೋ ಇರಲೇಬೇಕು.

ಇಷ್ಟೆಲ್ಲ ಪರದೆ ಇದ್ದರೂ ಪ್ಯಾನೆಲ್ಲಿನ ಮೇಲೆ ಹಳದಿ ವೃತ್ತದ ನಡುವೆ ಅಣಬೆಯಂಥ ಒಂದು ದಪ್ಪ ಕೆಂಪು ಗುಂಡಿ ಇದ್ದೇ ಇರುತ್ತದೆ. ಯಾರದಾದರೂ ಅಂಗಿ ಯಂತ್ರಕ್ಕೆ ಸಿಕ್ಕಿಕೊಂಡರೆ ಅದನ್ನು ಗುದ್ದಬೇಕು. ಈ ಗುಂಡಿಯನ್ನು ಪರದೆಯೊಳಗೆ ಚಿತ್ರವಾಗಿ ಬರೆದು ಕೈತೊಳೆದುಕೊಳ್ಳುವಂತಿಲ್ಲ. ಪರದೆ ಒಮ್ಮೊಮ್ಮೆ ಮೊಬೈಲಿನಂತೆಯೇ ಹಿಡಿದುಕೊಂಡು ನಿಂತುಬಿಡಬಹುದು. ಬೇರೆ ಪುಟ ತೆರೆದಿರಬಹುದು. ಗುಂಡಿಗಾದರೆ ತನ್ನದೇ ತಂತಿ ಇದೆ. ಕಣ್ಣುಮುಚ್ಚಿ ಅಂಗೈಯಿಂದಲೋ ಮೊಳಕೈಯಿಂದಲೋ ಬಡಿದರೂ ಯಂತ್ರ ನಿಲ್ಲುತ್ತದೆ. ಒಮ್ಮೆ ಒತ್ತಿದರೆ ಒತ್ತಿಕೊಂಡೇ ಇರುತ್ತದೆ, ಬೇಕೆಂದೇ ತಿರುಗಿಸಿ ಬಿಡಿಸುವವರೆಗೆ.

ಕೊನೆಗೆ ನಿಮ್ಮ ಕೈಗೆ ಒಂದು ಕೆಲಸ. ಸಣ್ಣ ಯಂತ್ರಗಳಿಗೆ ಹಚ್ಚುವ ಅಗ್ಗದ ಪರದೆಯೊಂದಿದೆ. ಎರಡು ಸಾಲು, ಸಾಲಿಗೆ 16 ಮನೆ. ಒಂದೊಂದು ಮನೆಯಲ್ಲಿ ಅಡ್ಡಕ್ಕೆ 5, ಉದ್ದಕ್ಕೆ 8 ಚುಕ್ಕೆ ಮಾತ್ರ. ಇಂಗ್ಲಿಷ್ ಅಕ್ಷರಗಳು ಅದರಲ್ಲಿ ಮೊದಲೇ ಕೂತಿರುತ್ತವೆ, ಕನ್ನಡ ಇರುವುದಿಲ್ಲ. ನಾವೇ ಚುಕ್ಕೆ ಬಿಡಿಸಿ ಸೇರಿಸಬೇಕು, ಅದೂ ಒಂದು ಸಲಕ್ಕೆ ಎಂಟೇ ಆಕಾರ. ದೊಡ್ಡ ಟಚ್ ಪರದೆಯಲ್ಲಿ ಕನ್ನಡ ಸಲೀಸಾಗಿ ಬರೆಯಬಹುದು, ಬರೆಯಲೇಬೇಕು ಎಂಬುದು ನನ್ನ ಹಟ. ಈ ಪುಟ್ಟದರಲ್ಲಿ ಮಾತ್ರ ನಮ್ಮ ಒತ್ತಕ್ಷರಗಳಿಗೆ ಇಕ್ಕಟ್ಟು.

ಚೌಕದ ಗೆರೆಯಿರುವ ಗಣಿತದ ನೋಟುಬುಕ್ ತೆಗೆಯಿರಿ. ಐದಕ್ಕೆ ಎಂಟರ ಎಂಟು ಮನೆ ಹಾಕಿಕೊಳ್ಳಿ. ‘ನೀರು’ ಎಂಬುದಕ್ಕೆ ಎರಡು ಮನೆ, ‘ಹಬೆ’ಗೆ ಎರಡು, ‘ನಿಲ್ಲಿಸಿ’ಗೆ ಮೂರು. ಚೌಕಗಳನ್ನು ಕಪ್ಪು ಮಾಡುತ್ತ ಅಕ್ಷರ ಮೂಡಿಸಿ. ‘ಲ್ಲಿ’ಯ ಒತ್ತು ಒಂದೇ ಮನೆಯಲ್ಲಿ ಹಿಡಿಸದಿದ್ದರೆ ಅದಕ್ಕೆ ಎರಡು ಮನೆ ಕೊಟ್ಟುಬಿಡಿ. ಅಲ್ಲಿಗೆ ಎಂಟೂ ತುಂಬಿತು. ಆದರೆ ‘ಸಕ್ಕರೆ’ ಇನ್ನೂ ಹೊರಗೇ ನಿಂತಿದೆಯಲ್ಲ! ಯಾವ ಅಕ್ಷರವನ್ನು ಎಬ್ಬಿಸಿ ಅದಕ್ಕೆ ಜಾಗ ಕೊಡುತ್ತೀರಿ?